ಮೇಯರ್‌ಗಾಗಿ ಎತ್ತುವ ಕೈ ಯಾರದು?

2015ರ ಆಗಸ್ಟ್‌ನಲ್ಲಿ ನಡೆದ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಚುನಾವಣೆಯಲ್ಲಿ 198 ವಾರ್ಡುಗಳ ಪೈಕಿ ಬಿಜೆಪಿ 100 ಗೆದ್ದಿತು, ಕಾಂಗ್ರೆಸ್ 76, ಜೆಡಿಎಸ್ 14. ಉಳಿದ ಎಂಟು ಪಕ್ಷೇತರರು ಮತ್ತು ಇತರರ ಪಾಲು. ಜೆಡಿಎಸ್‌ನವರೂ ಈ ಎಂಟು ಮಂದಿಯೂ ಒಬ್ಬರನ್ನೂ ಬಿಡದೆ ಕಾಂಗ್ರೆಸ್ ಜೊತೆ ನಿಂತರೂ ಲೆಕ್ಕ 98 ದಾಟುವುದಿಲ್ಲ. ಆದರೂ ಸೆಪ್ಟೆಂಬರ್‌ನಲ್ಲಿ ಮೇಯರ್ ಗೌನು ತೊಟ್ಟವರು ಕಾಂಗ್ರೆಸ್‌ನ ಬಿ.ಎನ್. ಮಂಜುನಾಥ ರೆಡ್ಡಿ. ಇದರಲ್ಲಿ ಕಾನೂನುಬಾಹಿರವಾದದ್ದು ಏನೂ ಇರಲಿಲ್ಲ. ಮೇಯರ್ ಚುನಾವಣೆಯ ಮತದಾರರು ಕಾರ್ಪೊರೇಟರುಗಳಷ್ಟೇ ಅಲ್ಲ. ನಗರದ ಶಾಸಕರು, ಸಂಸದರು, ಅಲ್ಲಿನ ಮತದಾರರ ಪಟ್ಟಿಯಲ್ಲಿ ಹೆಸರಿರುವ ರಾಜ್ಯಸಭೆ ಮತ್ತು ವಿಧಾನ ಪರಿಷತ್ತಿನ ಸದಸ್ಯರೂ ಕೈ ಎತ್ತಬಹುದು. ಆ ಸಲ ಹೀಗೆ ಕೂಡಿದ ಒಟ್ಟು ಮತದಾರರು ಸುಮಾರು 260. ಅಂದರೆ ಹತ್ತಿರ ಹತ್ತಿರ ನಾಲ್ಕರಲ್ಲಿ ಒಂದು ಮತ ಯಾವ ವಾರ್ಡಿನಿಂದಲೂ ಗೆದ್ದು ಬಂದವರದ್ದಲ್ಲ.

ಬಿಜೆಪಿ ಆಗ ಇದನ್ನು ಜನಾದೇಶಕ್ಕೆ ಬಗೆದ ದ್ರೋಹ ಎಂದಿತು. ಎಂಟು ವರ್ಷಗಳ ನಂತರ ಕಲಬುರಗಿಯಲ್ಲಿ ಪಾತ್ರಗಳು ಅದಲು ಬದಲಾದವು. 2021ರ ಸೆಪ್ಟೆಂಬರ್‌ನಲ್ಲಿ 55 ವಾರ್ಡುಗಳ ಫಲಿತಾಂಶ ಬಂದಾಗ ಕಾಂಗ್ರೆಸ್ 27 ಗೆದ್ದು ದೊಡ್ಡ ಪಕ್ಷವಾಗಿತ್ತು, ಬಿಜೆಪಿಗೆ 23. ಮೇಯರ್ ಆಯ್ಕೆಯಾಗಲು 2023ರ ಮಾರ್ಚ್ ಬರಬೇಕಾಯಿತು. ಕೂದಲೆಳೆಯ ಅಂತರದಲ್ಲಿ ಬಿಜೆಪಿ ಗೆದ್ದಿತು. ಈ ಸಲ ಜನಾದೇಶದ ಮಾತಾಡುವ ಸರದಿ ಕಾಂಗ್ರೆಸ್ಸಿನದು. ಎರಡೂ ಕಡೆಯ ಸಿಟ್ಟು ನಿಜವಾದದ್ದೇ ಇರಬಹುದು. ಆದರೆ ವಿಧಾನಸೌಧದಲ್ಲಿ ಬಹುಮತ ಕೈಯಲ್ಲಿದ್ದಾಗ ಈ ನಿಯಮವನ್ನು ತಿದ್ದುವ ಆತುರ ಯಾರಿಗೂ ಬರಲಿಲ್ಲ. ನಾಳೆ ತಮಗೇ ಬೇಕಾದೀತು ಎಂಬ ಎಚ್ಚರ ಇದ್ದಿರಬೇಕು.

ಸಂವಿಧಾನವೇ ಕೊಟ್ಟ ಹಕ್ಕಲ್ಲವೇ ಎಂದು ಕೇಳುವವರಿದ್ದಾರೆ. ಪೂರ್ತಿ ಹಾಗಲ್ಲ. 243ಆರ್ ವಿಧಿ ಹೇಳುವುದು ಇಷ್ಟು: ಪೌರಾಡಳಿತದ ಬಗ್ಗೆ ವಿಶೇಷ ತಿಳಿವಳಿಕೆ ಉಳ್ಳವರಿಗೆ, ಸಂಸದರಿಗೆ, ಶಾಸಕರಿಗೆ ಪಾಲಿಕೆಯಲ್ಲಿ ಪ್ರಾತಿನಿಧ್ಯ ಕೊಡುವ ಕಾನೂನನ್ನು ರಾಜ್ಯ ಮಾಡಬಹುದು. ಮಾಡಬಹುದು, ಮಾಡಲೇಬೇಕೆಂದಿಲ್ಲ. ನಾಮನಿರ್ದೇಶಿತ ತಜ್ಞರಿಗೆ ಸಭೆಯಲ್ಲಿ ಮತವಿಲ್ಲ ಎಂದು ಅದೇ ವಿಧಿ ಖಚಿತಪಡಿಸುತ್ತದೆ. ದೆಹಲಿಯಲ್ಲಿ ಈ ಸಾಲಿನ ಮೇಲೇ ಜಗಳ ಎದ್ದು ಮೇಯರ್ ಚುನಾವಣೆ ಮತ್ತೆ ಮತ್ತೆ ಮುರಿದುಬಿತ್ತು. 2023ರ ಫೆಬ್ರುವರಿ 17ರಂದು ಸುಪ್ರೀಂ ಕೋರ್ಟ್ ನಾಮನಿರ್ದೇಶಿತರು ಮತ ಹಾಕುವಂತಿಲ್ಲ ಎಂದ ಮೇಲೆಯೇ ಅದು ಮುಗಿದದ್ದು. ಅಧ್ಯಕ್ಷರನ್ನು ಹೇಗೆ ಆರಿಸಬೇಕೆಂಬುದನ್ನು ಮಾತ್ರ ಸಂವಿಧಾನ ರಾಜ್ಯಗಳ ವಿವೇಚನೆಗೇ ಬಿಟ್ಟಿದೆ.

ಈಗ ಪಂಚಾಯತಿಯ ಕಡೆ ನೋಡಿ. 73 ಮತ್ತು 74ನೇ ತಿದ್ದುಪಡಿಗಳು ಅವಳಿಗಳು; 1992ರ ಡಿಸೆಂಬರ್‌ನಲ್ಲಿ ಸಂಸತ್ತು ಎರಡನ್ನೂ ಜೊತೆಜೊತೆಯಲ್ಲೇ ಅಂಗೀಕರಿಸಿತು. ಜಿಲ್ಲಾ ಪಂಚಾಯತಿಯಲ್ಲೂ ಶಾಸಕ, ಸಂಸದರು ಕೂರಬಹುದು, ಸಭೆಯಲ್ಲಿ ಮತ ಹಾಕಬಹುದು. ಆದರೆ ತಾಲ್ಲೂಕು, ಜಿಲ್ಲಾ ಮಟ್ಟದ ಅಧ್ಯಕ್ಷರನ್ನು ಚುನಾಯಿತ ಸದಸ್ಯರು ತಮ್ಮೊಳಗಿನಿಂದಲೇ, ತಾವೇ ಆರಿಸಬೇಕೆಂದು 243ಸಿ ವಿಧಿ ಗೆರೆ ಎಳೆದಿದೆ. ಹಳ್ಳಿಗಾಡಿನ ಸಂಸ್ಥೆಗೆ ಸಲ್ಲುವ ಈ ಮರ್ಯಾದೆ ನಗರಕ್ಕೆ ಯಾಕೆ ಸಲ್ಲಬಾರದು? ಶಿವಮೊಗ್ಗ ಜಿಲ್ಲಾ ಪಂಚಾಯತಿ ಅಧ್ಯಕ್ಷರ ಆಯ್ಕೆಯಲ್ಲಿ ಕೈ ಎತ್ತಲಾಗದ ಶಾಸಕ ಅದೇ ಊರಿನ ಮೇಯರ್ ಆಯ್ಕೆಯಲ್ಲಿ ಎತ್ತಬಹುದು ಎಂಬುದಕ್ಕೆ ತತ್ವದ ಸಮರ್ಥನೆ ನನಗಂತೂ ಕಾಣುತ್ತಿಲ್ಲ. ನಗರದಲ್ಲಿ ಟೆಂಡರು ದೊಡ್ಡದು, ನೆಲದ ಬೆಲೆ ದೊಡ್ಡದು ಎಂಬ ವಿವರಣೆಯಂತೂ ಇದೆ, ಅದು ಬೇರೆ ಮಾತು.

ಇದಕ್ಕೆ ಎದುರಾಗಿ ಹೇಳುವ ಗಟ್ಟಿ ಮಾತು ಒಂದಿದೆ. ಶಾಸಕರನ್ನೂ ಅದೇ ಜನ ಆರಿಸಿದ್ದಾರೆ. ಅನುದಾನ ತರುವವರು ಅವರು. ಪಾಲಿಕೆಗೂ ಸರ್ಕಾರಕ್ಕೂ ಕೊಂಡಿ ಬೇಡವೇ? ಬೇಕು. ಕುರ್ಚಿ ಕೊಡಿ, ಮಾತಾಡಲಿ, ಬಜೆಟ್ ಪ್ರಶ್ನಿಸಲಿ. ಆದರೆ ಜನ ಅವರನ್ನು ಆರಿಸಿದ್ದು ಇನ್ನೊಂದು ಮನೆಗೆ, ಇನ್ನೊಂದು ಕೆಲಸಕ್ಕೆ, ಇನ್ನೊಂದು ವರ್ಷದ ಅಲೆಯಲ್ಲಿ. 2013ರ ವಿಧಾನಸಭೆಯ ಮತ 2015ರ ವಾರ್ಡಿನ ಮತವನ್ನು ಅಳಿಸಬಹುದು ಎಂದಾದರೆ ಕಸ, ಚರಂಡಿ, ಬೀದಿದೀಪ ನೋಡಿ ಮತ ಹಾಕಿದವನ ತೀರ್ಪಿಗೆ ಬೆಲೆ ಎಲ್ಲಿದೆ?

ಪರಿಷತ್ ಸದಸ್ಯರ ವಿಚಾರದಲ್ಲಿ ಈ ಸಮರ್ಥನೆಯೂ ನಿಲ್ಲುವುದಿಲ್ಲ. ಅವರ ಹಕ್ಕು ನಿಂತಿರುವುದು ಮತದಾರರ ಪಟ್ಟಿಯ ವಿಳಾಸದ ಮೇಲೆ. ಬೇರೆ ಜಿಲ್ಲೆಗಳ ಪರಿಷತ್ ಸದಸ್ಯರು ಮೇಯರ್ ಚುನಾವಣೆಗೆ ಮುನ್ನ ಬೆಂಗಳೂರಿನ ಪಟ್ಟಿಗೆ ಹೆಸರು ಸೇರಿಸಿಕೊಂಡರೆಂಬ ದೂರು ಸಭಾಪತಿಯವರೆಗೆ ಹೋಗಿತ್ತು. ಮನೆ ಬದಲಿಸಿದ ಬಾಡಿಗೆದಾರ ಹೆಸರು ವರ್ಗಾಯಿಸಿಕೊಳ್ಳಲು ಎಷ್ಟು ಅಲೆಯುತ್ತಾನೆ ಎಂಬುದು ಎಲ್ಲರಿಗೂ ಗೊತ್ತು.

ಸಣ್ಣ ಊರುಗಳಲ್ಲಿ ಇದು ಇನ್ನೂ ಹರಿತ. ಇಪ್ಪತ್ತು ಚಿಲ್ಲರೆ ವಾರ್ಡುಗಳ ಪುರಸಭೆಯಲ್ಲಿ ಎರಡು ಪಕ್ಷಗಳು ಸಮಸಮ ಬಂದರೆ ಶಾಸಕ, ಸಂಸದರ ಎರಡು ಕೈಗಳೇ ಅಧ್ಯಕ್ಷರನ್ನು ನಿರ್ಧರಿಸುತ್ತವೆ. ಹಾಗೆ ಗೆದ್ದ ಅಧ್ಯಕ್ಷೆ ನಾಳೆ ಶಾಸಕರ ಹಿಂಬಾಲಕರ ಗುತ್ತಿಗೆಗೆ ಬೇಡ ಎನ್ನುವುದು ಸುಲಭವಲ್ಲ.

ಉತ್ತರ ಪ್ರದೇಶ, ಮಧ್ಯಪ್ರದೇಶಗಳಲ್ಲಿರುವಂತೆ ಮೇಯರನ್ನು ಜನರೇ ನೇರವಾಗಿ ಆರಿಸಲಿ ಎಂಬ ಸಲಹೆ ಆಗಾಗ ಕೇಳಿಬರುತ್ತದೆ. ಚರ್ಚಿಸಬಹುದಾದ ಸಲಹೆಯೇ. ಆದರೆ ಅಷ್ಟು ದೂರ ಹೋಗದೆಯೂ ದಾರಿಯಿದೆ. ಮೇಯರ್ ಮತ್ತು ಅಧ್ಯಕ್ಷರ ಆಯ್ಕೆಯಲ್ಲಿ ಚುನಾಯಿತ ಸದಸ್ಯರಿಗೆ ಮಾತ್ರ ಮತ ಎಂಬ ಒಂದು ವಾಕ್ಯ ಸಾಕು. ಅದನ್ನು 1964ರ ಪುರಸಭೆಗಳ ಕಾಯ್ದೆಗೆ, 1976ರ ಪಾಲಿಕೆಗಳ ಕಾಯ್ದೆಗೆ, 2024ರ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆಗೆ ಸೇರಿಸುವ ಅಧಿಕಾರ ನಮ್ಮ ಶಾಸನಸಭೆಗೇ ಇದೆ. ಬೆಂಗಳೂರಿನ ಮಟ್ಟಿಗೆ ಈ ತಿದ್ದುಪಡಿ ತುರ್ತಿನದು. 2020ರ ಸೆಪ್ಟೆಂಬರ್‌ನಲ್ಲಿ ಹಳೆಯ ಕೌನ್ಸಿಲ್ ಅವಧಿ ಮುಗಿದು, ಐದು ವರ್ಷ ಆಡಳಿತಾಧಿಕಾರಿಯ ಕೈಯಲ್ಲಿದ್ದ ನಗರವೀಗ ಐದು ಪಾಲಿಕೆಗಳಾಗಿ ಒಡೆದಿದೆ. ಕೌನ್ಸಿಲ್ ಚಿಕ್ಕದಾದಷ್ಟೂ ಅಲ್ಲಿ ಸೇರುವ ಪ್ರತಿಯೊಂದು ಹೊರಗಿನ ಮತದ ತೂಕ ಹೆಚ್ಚುತ್ತದೆ. ಯಾವ ಪಾಲಿಕೆಯಲ್ಲಿ ತಮ್ಮ ವಿಳಾಸ ಇರಬೇಕು ಎಂದು ಆರಿಸಿಕೊಳ್ಳಲು ಪರಿಷತ್ ಸದಸ್ಯರಿಗೀಗ ಐದು ಆಯ್ಕೆಗಳಿವೆ.