ಹಳೆಯ ವಾಹನ: ವಯಸ್ಸಿನ ಲೆಕ್ಕವೋ, ಓಟದ ಲೆಕ್ಕವೋ?

ಮಲೆನಾಡಿನ ಒಂಟಿಮನೆಗಳಿಗೆ ಕಾರು, ಜೀಪುಗಳು ಇಂದು ಆಡಂಬರದ ವಸ್ತುಗಳಾಗಿ ಉಳಿದಿಲ್ಲ. ರಾತ್ರಿ ಬಸ್ಸಿಲ್ಲದ ಊರಿನಿಂದ ರೋಗಿಯನ್ನು ಆಸ್ಪತ್ರೆಗೆ ಮುಟ್ಟಿಸಲು, ಅಡಿಕೆ ಮೂಟೆಯನ್ನು ಪೇಟೆಗೆ ಸಾಗಿಸಲು ಅವೇ ಆಧಾರ. ಇಂಥ ವಾಹನಕ್ಕೆ ವಯಸ್ಸಾಗಿ ಗ್ಯಾರೇಜಿನ ಖರ್ಚು ಏರತೊಡಗಿದಾಗ, ದುರಸ್ತಿ ಮಾಡಿಸಿ ಉಳಿಸಿಕೊಳ್ಳಬೇಕೆ ಅಥವಾ ಹೊಸದನ್ನು ಕೊಳ್ಳಬೇಕೆ ಎಂಬ ಪ್ರಶ್ನೆ ಏಳುತ್ತದೆ. ಇದು ಹಣದ ಪ್ರಶ್ನೆಯಷ್ಟೇ ಅಲ್ಲ, ಪರಿಸರದ ಪ್ರಶ್ನೆಯೂ ಹೌದು.

ಸರ್ಕಾರದ ಉತ್ತರ ವಯಸ್ಸನ್ನು ಆಧರಿಸಿದೆ. ಖಾಸಗಿ ಕಾರಿನ ನೋಂದಣಿ 15 ವರ್ಷಗಳದ್ದು. ಅನಂತರ ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ಗುಜರಿ ನೀತಿ 2021ರಲ್ಲಿ ಪ್ರಕಟವಾದ ಬಳಿಕ, 2022ರ ಏಪ್ರಿಲ್‌ನಿಂದ ನವೀಕರಣ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು. 20 ವರ್ಷ ದಾಟಿದ ಕಾರುಗಳಿಗೆ 2025ರಲ್ಲಿ ಅದು 10,000 ಆಯಿತು. ಅರವತ್ತು ಸಾವಿರ ಕಿಲೋಮೀಟರ್ ಓಡಿದ ಮನೆಯ ಕಾರಿಗೂ ನಾಲ್ಕು ಲಕ್ಷ ಓಡಿದ ಕಾರಿಗೂ ಇಲ್ಲಿ ಭೇದವಿಲ್ಲ.

ನಿಸರ್ಗದ ಲೆಕ್ಕ ಬೇರೆಯೇ ಆಗಿದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈ ಆಕ್ಸೈಡ್ ಹೊರಬರುತ್ತದೆ. ವರ್ಷಕ್ಕೆ 6,000 ಕಿ.ಮೀ. ಓಡುವ ಕಾರನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಲೀಟರಿಗೆ 14 ಕಿ.ಮೀ. ಕೊಡುವ ಹಳೆಯದರ ಬದಲು 20 ಕಿ.ಮೀ. ಕೊಡುವ ಹೊಸದು ಬಂದರೆ ವರ್ಷಕ್ಕೆ ಉಳಿಯುವುದು ಸುಮಾರು 300 ಕಿಲೋ. ಆದರೆ ಹೊಸ ಕಾರನ್ನು ತಯಾರಿಸುವಾಗಲೇ ಹೊರಬರುವ ಅನಿಲವನ್ನು 5 ಟನ್ ಎಂದೇ ಹಿಡಿದರೂ, ಆ ಸಾಲ ತೀರಲು ಹದಿನೇಳು ವರ್ಷ ಬೇಕು. ವರ್ಷಕ್ಕೆ 30,000 ಕಿ.ಮೀ. ಓಡುವ ಬಾಡಿಗೆ ವಾಹನಕ್ಕಾದರೆ ಅದೇ ಸಾಲ ಮೂರೂವರೆ ವರ್ಷದಲ್ಲಿ ತೀರುತ್ತದೆ. ಆದ್ದರಿಂದ ನಿರ್ಣಾಯಕವಾದುದು ವಾಹನದ ವಯಸ್ಸಲ್ಲ, ಅದರ ಓಟ.

ಮಲೆನಾಡಿಗೆ ಈ ಲೆಕ್ಕ ಹೊಸದಲ್ಲ. ಕುದುರೆಮುಖದ ಕಬ್ಬಿಣದ ಗಣಿಗಾರಿಕೆ ದೀರ್ಘ ಹೋರಾಟದ ನಂತರ, ಸುಪ್ರೀಂ ಕೋರ್ಟಿನ 2002ರ ಆದೇಶದಂತೆ 2005ರ ಕೊನೆಗೆ ನಿಂತಿತು. ಕಾರಿನ ಉಕ್ಕು ಯಾವುದೋ ಗುಡ್ಡದ ಒಡಲಿನಿಂದಲೇ ಬರಬೇಕು. ತನ್ನ ಗುಡ್ಡವನ್ನು ಉಳಿಸಿಕೊಂಡ ಜನ, ಇನ್ನೊಬ್ಬರ ಗುಡ್ಡದಿಂದ ಬಂದ ಲೋಹವನ್ನು ಬಾಳುವಷ್ಟು ಕಾಲ ಬಳಸುವುದೇ ನ್ಯಾಯ.

ಹಾಗೆಂದು ಹೊಗೆಯುಗುಳುವ ಗಾಡಿಯನ್ನು ಸಮರ್ಥಿಸಲಾಗದು. ಬಿಎಸ್-3 ಮಾನದಂಡದಲ್ಲಿ ಡೀಸೆಲ್ ಕಾರು ಕಿ.ಮೀ.ಗೆ 0.05 ಗ್ರಾಂ ಮಸಿಕಣ ಉಗುಳಬಹುದಿತ್ತು; 2020ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಬಿಎಸ್-6ರಲ್ಲಿ ಆ ಮಿತಿ 0.0045 ಗ್ರಾಂ. ಶಾಲಾಮಕ್ಕಳನ್ನು ತುಂಬಿಕೊಂಡು ದಿನವಿಡೀ ಓಡುವ ಹಳೆಯ ಡೀಸೆಲ್ ಜೀಪಿಗೆ ನಿವೃತ್ತಿಯೇ ಸರಿಯಾದ ದಾರಿ.

ಉಳಿಸಿಕೊಳ್ಳುವ ವಾಹನಕ್ಕೂ ಶಿಸ್ತು ಬೇಕು. ಕಪ್ಪು ಹೊಗೆ ಬಂದರೆ ಇಂಧನ ಪೂರ್ತಿ ಉರಿಯುತ್ತಿಲ್ಲವೆಂದೂ, ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆಯೆಂದೂ ತಿಳಿಯಬೇಕು. ಮಳೆಗಾಲಕ್ಕೆ ಮುನ್ನ ಗಾಡಿಯ ಅಡಿಭಾಗವನ್ನು ತೊಳೆಸಿ ತುಕ್ಕುನಿರೋಧಕ ಬಳಿಸಬೇಕು. ಘಟ್ಟದ ಇಳಿಜಾರಿನಲ್ಲಿ ಬೇಗ ಸವೆಯುವ ಬ್ರೇಕನ್ನು ಪರೀಕ್ಷಿಸಬೇಕು. ಪೆಟ್ರೋಲಿನಲ್ಲಿ ಎಥನಾಲ್ ಪ್ರಮಾಣ 2025ರಲ್ಲಿ ಶೇ. 20 ತಲುಪಿರುವುದರಿಂದ ಹಳೆಯ ಗಾಡಿಯ ರಬ್ಬರ್ ಪೈಪು, ಗ್ಯಾಸ್ಕೆಟ್‌ಗಳ ಮೇಲೆ ಕಣ್ಣಿಡಬೇಕು. ತೆಗೆದ ಆಯಿಲ್ ಹಳ್ಳಕ್ಕಾಗಲಿ ತೋಟದ ಕಪ್ಪಿಗಾಗಲಿ ಸೇರಬಾರದು. ಚಾಸಿಯೇ ತುಕ್ಕು ತಿಂದು ಸಡಿಲವಾಗಿದ್ದರೆ ಮಾತ್ರ ತೇಪೆ ಹಾಕಿಸಿ ಓಡಿಸುವುದು ಜೀವಕ್ಕೆ ಅಪಾಯ.

ಬದಲಿಸುವ ದಿನ ಬಂದೇ ಬರುತ್ತದೆ. ಅಂದು ಹಳೆಯದನ್ನು ಮಾರಿದರೆ ಹೊಗೆ ನಿಲ್ಲುವುದಿಲ್ಲ, ಊರು ಬದಲಾಯಿಸುತ್ತದೆ ಅಷ್ಟೇ. ಪೂರ್ತಿ ಹಾಳಾದುದನ್ನು ನೋಂದಾಯಿತ ಗುಜರಿ ಕೇಂದ್ರಕ್ಕೇ ಒಪ್ಪಿಸುವುದು ಲೇಸು. ವಿದ್ಯುತ್ ವಾಹನ ಘಟ್ಟ ಇಳಿಯುವಾಗ ಬ್ರೇಕಿನ ಶಕ್ತಿಯ ಒಂದು ಪಾಲನ್ನು ಬ್ಯಾಟರಿಗೆ ಮರಳಿಸುತ್ತದೆ. ಮಲೆನಾಡಿಗೆ ಅದು ಒಪ್ಪುವ ಗುಣ. ಆದರೆ ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಇಲ್ಲದ ಊರುಗಳಿಗೆ ಅದು ಇನ್ನೂ ಪೂರ್ಣ ಪರಿಹಾರವಲ್ಲ. ಆ ವಿದ್ಯುತ್ತೂ ಶರಾವತಿ, ಕಾಳಿ ಕಣಿವೆಗಳ ಮುಳುಗಡೆಯ ಋಣ ಹೊತ್ತೇ ಬರುತ್ತದೆಂಬುದನ್ನು ಮರೆಯುವಂತಿಲ್ಲ.

ಒಳ್ಳೆಯ ದುರಸ್ತಿಯಿಂದ ಯೋಚಿಸಲು ಕಾಲಾವಕಾಶ ಸಿಗುತ್ತದೆ; ಪೇಟೆಯ ಸಣ್ಣ ಗ್ಯಾರೇಜಿನ ಕೈಕೆಲಸವೂ ಉಳಿಯುತ್ತದೆ. ಆ ಅವಕಾಶವನ್ನು ಓಟ ಕಡಿಮೆ ಮಾಡಲು ಬಳಸಬೇಕಾಗಿದೆ. ಸಂತೆಗೆ ಹೊರಟ ನಾಲ್ಕು ಮನೆಯವರು ಒಂದೇ ಗಾಡಿಯಲ್ಲಿ ಹೋಗಬಹುದು. ನಿಂತುಹೋದ ಬಸ್ಸನ್ನು ಮತ್ತೆ ಬಿಡಿಸಲು ಗ್ರಾಮಸಭೆಯಲ್ಲಿ ಪಟ್ಟು ಹಿಡಿಯಬಹುದು. ಬಸ್ಸು ಬಂದ ಊರಿನಲ್ಲಿ ಮನೆಗೊಂದು ಹೊಸ ಕಾರಿನ ಅಗತ್ಯ ತಾನಾಗಿಯೇ ಕಡಿಮೆಯಾಗುತ್ತದೆ.