ಕಣ್ಣೀರಿನ ಬಾಣ, ಇಸ್ಪೀಟಿನ ಎಲೆ

ನಮ್ಮ ಸುಶಿಕ್ಷಿತ ಸಮಾಜದಲ್ಲಿ ಇತ್ತೀಚೆಗೆ ಬಲು ಅಗ್ಗದ ಸಜ್ಜನಿಕೆಯೊಂದು ಬೆಳೆದಿದೆ. ವಿಡಿಯೊ ಆಟವೆಂಬ ಮಾತು ಕಿವಿಗೆ ಬಿದ್ದೊಡನೆ ಮುಖ ಸಿಂಡರಿಸಿ, "ಹಾಳು ಹವ್ಯಾಸ" ಎಂದುಬಿಟ್ಟರೆ ಸಾಕು, ಹೇಳಿದವರು ವಿಚಾರವಂತರೆನಿಸಿಕೊಳ್ಳುತ್ತಾರೆ. ಆಡಿ ನೋಡಬೇಕಾದ್ದಿಲ್ಲ, ಆಡುವವರನ್ನು ಕೇಳಬೇಕಾದ್ದೂ ಇಲ್ಲ. ಕಾದಂಬರಿಯನ್ನು ಓದದೆ ಜರೆಯುವವನನ್ನು ನಾವು ಅವಿವೇಕಿ ಎನ್ನುತ್ತೇವೆ. ಕಛೇರಿಗೆ ಹೋಗದೆಯೇ ಗಾಯಕನ ಶ್ರುತಿ ಸರಿಯಿಲ್ಲವೆಂದವನ ಮಾತನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ. ಆಟದ ವಿಷಯದಲ್ಲಿ ಮಾತ್ರ ಅಜ್ಞಾನವೇ ಅರ್ಹತೆಯಾಗಿ ಕುಳಿತಿದೆ. ಈ ಧೋರಣೆಯ ಮೇಲೆ ನನಗೆ ಜಗಳವಿದೆ.

ಜಗಳವಾಡುವವನು ತನಗೆ ಅನುಕೂಲವಾದ ಮೊಕದ್ದಮೆಯನ್ನು ಆರಿಸಿಕೊಳ್ಳಬಾರದು. ಚದುರಂಗದಂಥ ಮರ್ಯಾದಸ್ಥ ಆಟವನ್ನು ಸಮರ್ಥಿಸುವುದು ಸುಲಭ. ಆದ್ದರಿಂದ ಎಲ್ಲರೂ ಬೈಯುವ ಜಾತಿಯೊಂದನ್ನೇ ಎತ್ತಿಕೊಳ್ಳುತ್ತೇನೆ: ಗುಂಡು ಹಾರಿಸುವ ಆಟ. ಅದರಲ್ಲೂ ದೆವ್ವ ಪಿಶಾಚಿಗಳ ನೆಲಮಾಳಿಗೆಯಲ್ಲಿ ನಡೆಯುವ, ದೊಡ್ಡ ಕಂಪನಿಗಳ ಹಣವಿಲ್ಲದೆ ಒಬ್ಬಿಬ್ಬರು ಕೂಡಿ ಕಟ್ಟುವ, 'ಇಂಡಿ' ಎಂದು ಕರೆಯಲಾಗುವ ಸಣ್ಣ ಆಟ. ಮಾಳಿಗೆಯ ಮೇಲೆ ನಿಂತು ಅಂಗಳವನ್ನು ನೋಡಿದಂತೆ ಇಲ್ಲಿ ಆಟಗಾರ ಕೋಣೆಯನ್ನು ಮೇಲಿನಿಂದ ನೋಡುತ್ತಾನೆ. ನಮಗೆ ಇದು ತೀರ ಅಪರಿಚಿತವಾದ ನೋಟವೇನೂ ಅಲ್ಲ. ಪಗಡೆಯ ಹಾಸನ್ನೂ ಪರಮಪದ ಸೋಪಾನದ ಪಟವನ್ನೂ ನಮ್ಮ ಅಜ್ಜಿಯಂದಿರು ಮೇಲಿನಿಂದಲೇ ನೋಡಿದರು.

ಈ ಜಾತಿಗೆ ಇಬ್ಬರು ಹಿರಿಯರುಂಟು. ಒಂದು, 1980ರ ಸುಮಾರಿಗೆ ಕ್ಯಾಲಿಫೋರ್ನಿಯದ ಸಾಂತಾ ಕ್ರೂಜ್‌ನಲ್ಲಿ ಓದುತ್ತಿದ್ದ ಮೈಕೆಲ್ ಟಾಯ್, ಗ್ಲೆನ್ ವಿಚ್‌ಮನ್ ಎಂಬ ವಿದ್ಯಾರ್ಥಿಗಳು ಕಟ್ಟಿದ 'ರೋಗ್'. ಚಿತ್ರಗಳ ಬದಲು ಅಕ್ಷರಗಳಿಂದಲೇ ನೆಲಮಾಳಿಗೆಯನ್ನು ಬಿಡಿಸಿದ ಆ ಆಟದಲ್ಲಿ ಪ್ರತಿ ಸಲವೂ ಕೋಣೆಗಳ ಜೋಡಣೆ ಬೇರೆ. ಸತ್ತರೆ ಮೊದಲಿನಿಂದ ಶುರು. ಇನ್ನೊಂದು, 1982ರಲ್ಲಿ ಯೂಜೀನ್ ಜಾರ್ವಿಸ್ ಮತ್ತು ಲ್ಯಾರಿ ಡಿಮಾರ್ ರಚಿಸಿದ 'ರೋಬೋಟ್ರಾನ್: 2084'. ಅದರಲ್ಲಿ ಒಂದು ಕೈಯ ಹಿಡಿಕೆ ಓಡುವುದಕ್ಕೆ, ಇನ್ನೊಂದು ಕೈಯದು ಗುರಿಯಿಡುವುದಕ್ಕೆ. ಮೊದಲನೆಯದರಿಂದ ವಿಧಿ, ಎರಡನೆಯದರಿಂದ ಕೈಚಳಕ. ಇವೆರಡೂ ಬೆಸೆದು ಹುಟ್ಟಿದ ಕೂಸುಗಳನ್ನೇ ಇಂದಿನ ಮಕ್ಕಳು ಆಡುತ್ತಿರುವುದು.

ಈಗ ಆಪಾದನೆಗಳಿಗೆ ಬರೋಣ. ಮೊದಲನೆಯದು ಹಿಂಸೆ. "ಬೆಳಗಿನಿಂದ ಸಂಜೆಯವರೆಗೆ ಢಂ ಢಂ ಎನ್ನುವುದರಲ್ಲಿ ಏನು ಸಂಸ್ಕಾರ ಬಂದೀತು?" ಎಂದು ಕೇಳುವ ಮಹನೀಯರೇ ಬಯಲಾಟದಲ್ಲಿ ಬಬ್ರುವಾಹನನ ಬಾಣಕ್ಕೆ ಅರ್ಜುನನ ತಲೆ ಉರುಳಿದಾಗ ಚಂಡೆಯ ಜತೆ ತಲೆದೂಗುತ್ತಾರೆ, ಅಭಿಮನ್ಯುವಿನ ಕಾಳಗವನ್ನು ಗಮಕಿಗಳ ಬಾಯಲ್ಲಿ ಕೇಳಿ ಕಣ್ಣೊರೆಸಿಕೊಳ್ಳುತ್ತಾರೆ. ಅಲ್ಲಿ ಹರಿದದ್ದೂ ನೆತ್ತರೇ. ಹಾಗಾದರೆ ಕೇಳಬೇಕಾದ ಪ್ರಶ್ನೆ ಬಾಣ ಬಿಟ್ಟರೋ ಇಲ್ಲವೋ ಎಂಬುದಲ್ಲ. ಯಾರು ಬಿಟ್ಟರು, ಯಾತಕ್ಕೆ, ಅದರಿಂದ ನೋಡುವವನ ಮನಸ್ಸಿನಲ್ಲಿ ಏನಾಯಿತು ಎಂಬುದು. ಬಯಲಾಟಕ್ಕೆ ಸಲ್ಲುವ ಈ ನ್ಯಾಯ ಆಟಕ್ಕೂ ಸಲ್ಲಬೇಡವೇ?

ಒಂದು ಉದಾಹರಣೆಯನ್ನು ವಿಸ್ತಾರವಾಗಿ ಹೇಳುತ್ತೇನೆ. 2011ರಲ್ಲಿ ಅದೇ ಸಾಂತಾ ಕ್ರೂಜ್‌ನವರಾದ ಎಡ್ಮಂಡ್ ಮೆಕ್‌ಮಿಲನ್, ಫ್ಲೋರಿಯನ್ ಹಿಮ್ಸ್ಲ್ ಎಂಬ ಜೊತೆಗಾರನೊಂದಿಗೆ 'ದಿ ಬೈಂಡಿಂಗ್ ಆಫ್ ಐಸಾಕ್' ಎಂಬ ಆಟವನ್ನು ಹೊರತಂದರು. ಐಸಾಕ್ ಒಬ್ಬ ಪುಟ್ಟ ಹುಡುಗ. ತಾಯಿಯೊಬ್ಬಳೇ ಅವನಿಗೆ ದಿಕ್ಕು. ಆಕೆಗೆ ಒಂದು ದಿನ ಆಕಾಶವಾಣಿಯಾಗುತ್ತದೆ: ಮಗ ಪಾಪದಲ್ಲಿ ಮುಳುಗಿದ್ದಾನೆ. ಆಕೆ ಅವನ ಆಟಿಕೆಗಳನ್ನು ಕಿತ್ತುಕೊಳ್ಳುತ್ತಾಳೆ, ಚಿತ್ರಗಳನ್ನು ಕಿತ್ತುಕೊಳ್ಳುತ್ತಾಳೆ, ಬಟ್ಟೆಯನ್ನೂ ಬಿಡುವುದಿಲ್ಲ. ಕೋಣೆಯಲ್ಲಿ ಕೂಡಿಹಾಕುತ್ತಾಳೆ. ಕಡೆಗೆ ಅದೇ ದನಿ ಬಲಿ ಕೇಳುತ್ತದೆ; ತಾಯಿ ಕತ್ತಿ ಹಿಡಿದು ಬರುತ್ತಾಳೆ. ಹುಡುಗ ಜಮಖಾನೆ ಎತ್ತಿ, ಅದರಡಿಯ ಕಿಂಡಿಬಾಗಿಲಿನಿಂದ ನೆಲಮಾಳಿಗೆಗೆ ಹಾರುತ್ತಾನೆ. ಅಲ್ಲಿ ಕಾಡುವ ವಿಕಾರ ರೂಪಗಳ ಮೇಲೆ ಹಾರಿಸಲು ಅವನಲ್ಲಿ ಕೋವಿಯಿಲ್ಲ, ಬಿಲ್ಲಿಲ್ಲ. ಇರುವುದು ಕಣ್ಣೀರು. ಅದನ್ನೇ ಹಾರಿಸುತ್ತಾನೆ. ನಮ್ಮ ಹಿರಿಯರು "ಢಂ ಢಂ" ಎಂದು ಕೈಬಿಟ್ಟ ಆಟದಲ್ಲಿ ಗುಂಡೆಂದರೆ ಮಗುವಿನ ಅಳು.

ಆ ನೆಲಮಾಳಿಗೆಯಲ್ಲಿ ಹುಡುಗನಿಗೆ ಬಲ ಕೊಡುವ ವಸ್ತುಗಳು ಸಿಗುತ್ತವೆ. ಮರದ ಸೌಟು ಸಿಕ್ಕರೆ ಅವನ ಓಟ ಚುರುಕಾಗುತ್ತದೆ. ಸೊಂಟದ ಬೆಲ್ಟ್ ಸಿಕ್ಕರೂ ಅಷ್ಟೆ. ಸೌಟಿಗೂ ಓಟಕ್ಕೂ ಏನು ಸಂಬಂಧವೆಂದು ಆಟ ವಿವರಿಸುವುದಿಲ್ಲ. ಏಟು ತಿಂದು ಓಡಿದ ಮಗುವಿಗೆ ಆ ವಿವರಣೆ ಬೇಕಾಗಿಯೂ ಇಲ್ಲ. ಇಷ್ಟು ಮಿತವಾಗಿ ಇಷ್ಟು ದಾರುಣವಾದ ಸಂಗತಿಯನ್ನು ಹೇಳಿದ ಸಣ್ಣಕಥೆಯೊಂದು ಈ ಪುರವಣಿಯಲ್ಲಿ ಬಂದಿದ್ದರೆ ನಾವು ವಾರಗಟ್ಟಲೆ ಅದರ ಮಾತಾಡುತ್ತಿದ್ದೆವು.

ಐಸಾಕನ ಮೂಲಕಥೆ ಬೈಬಲಿನದು. ದೇವರು ಕೇಳಿದನೆಂದು ಅಬ್ರಹಾಮ ಮಗನನ್ನು ಕಟ್ಟಿ ಬಲಿಪೀಠದ ಮೇಲಿಟ್ಟದ್ದು, ಕಡೆಯ ಗಳಿಗೆಯಲ್ಲಿ ಕತ್ತಿ ನಿಂತದ್ದು. ಕನ್ನಡಿಗರಿಗೆ ಇದು ಹೊಸತೇನಲ್ಲ. ಜಂಗಮನಾಗಿ ಬಂದ ಶಿವನಿಗೆ ಸಿರಿಯಾಳ ಸೆಟ್ಟಿಯೂ ಚಂಗಳೆಯೂ ಮಗ ಚಿಲಾಳನನ್ನೇ ಉಣಬಡಿಸಲು ಹೊರಟ ಕಥೆಯನ್ನು ಕೇಳಿಕೊಂಡೇ ಬೆಳೆದವರು ನಾವು. ಆ ಭಕ್ತಿಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಆದರೆ ಎರಡು ಕಥೆಗಳೂ ತಂದೆತಾಯಿಯರ ಪರೀಕ್ಷೆಯ ಕಥೆಗಳಾಗಿಯೇ ನಮ್ಮ ಮನಸ್ಸಿನಲ್ಲಿ ನಿಂತಿವೆ. ಪರೀಕ್ಷೆಗೆ ಸಾಮಗ್ರಿಯಾದವನಿಗೆ ಆ ರಾತ್ರಿ ಹೇಗಿತ್ತು? ಮೆಕ್‌ಮಿಲನ್ ಕೇಳಿದ್ದು ಇಷ್ಟೇ. ಧರ್ಮಶ್ರದ್ಧೆಯ ಮನೆತನದಲ್ಲಿ ಬೆಳೆದ ಮನುಷ್ಯ ಕೇಳಿದ ಪ್ರಶ್ನೆಯಾದ್ದರಿಂದ ಅದಕ್ಕೆ ತೂಕವುಂಟು. 2012ರಲ್ಲಿ ನಿಂಟೆಂಡೊ ಕಂಪನಿ ಧಾರ್ಮಿಕ ವಸ್ತುವಿನ ಕಾರಣಕ್ಕೆ ಆಟವನ್ನು ತನ್ನ ಯಂತ್ರಕ್ಕೆ ಬರಗೊಡಲಿಲ್ಲವೆಂದು ಅವರು ತಿಳಿಸಿದರು. 2015ರಲ್ಲಿ ಅದರ ಹೊಸ ರೂಪಕ್ಕೆ ಅದೇ ಕಂಪನಿಯ ಬಾಗಿಲು ತೆರೆಯಿತು. ಮೂರು ವರ್ಷದಲ್ಲಿ ಕಥೆಯೇನೂ ಸೌಮ್ಯವಾಗಿರಲಿಲ್ಲ. ನೋಡುವವರ ಕಣ್ಣು ಪಳಗಿತ್ತು. ಇದು ಎಳೆಯ ಮಕ್ಕಳ ಕೈಗೆ ಕೊಡುವ ಆಟವಲ್ಲವೆಂಬುದನ್ನು ನಾನೇ ಮೊದಲು ಹೇಳುತ್ತೇನೆ. ಆದರೆ ಅದನ್ನು ಹೇಳಬೇಕಾದರೂ ಆಟದೊಳಗೆ ಏನಿದೆಯೆಂದು ತಿಳಿದಿರಬೇಕಷ್ಟೆ.

ಎರಡನೆಯ ಆಪಾದನೆ ಜೂಜಿನದು. ಇಲ್ಲಿ ನಮ್ಮ ಜನ ಮಾಡುವ ಗೊಂದಲಕ್ಕೆ ಮಿತಿಯೇ ಇಲ್ಲ. ಮೊಬೈಲಿನಲ್ಲಿ ರಮ್ಮಿಯಾಡಿ ಸಾಲ ಮಾಡಿಕೊಂಡವನನ್ನೂ ನೆಲಮಾಳಿಗೆಯ ಪಿಶಾಚಿಯನ್ನು ಅಟ್ಟುವ ಹುಡುಗನನ್ನೂ ಒಂದೇ ಗೋಣಿಗೆ ತುಂಬಿ ಬಾಯಿ ಕಟ್ಟುತ್ತಾರೆ. ಕಾನೂನು ಕೂಡ ಈ ಗೋಣಿಯ ಬಾಯಿಯನ್ನು ಬಿಚ್ಚಿ ಕಟ್ಟಿ ತಿಣುಕಿದೆ. ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯಿದೆಗೆ ತಿದ್ದುಪಡಿ ತಂದು ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರವರಿಯಲ್ಲಿ ನಮ್ಮ ಹೈಕೋರ್ಟು ಆ ಕಲಮುಗಳನ್ನು ರದ್ದುಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆ ಹಣದಾಟಗಳನ್ನು ಒಂದು ಕಡೆಗೂ ಉಳಿದ ಆಟಗಳನ್ನು ಇನ್ನೊಂದು ಕಡೆಗೂ ಇಟ್ಟಿತು. ಸಂಸತ್ತು ಗೆರೆಯೆಳೆದರೂ ನಮ್ಮ ಜಗಲಿಕಟ್ಟೆಯ ಮಾತಿನಲ್ಲಿ ಆ ಗೆರೆ ಇನ್ನೂ ಮೂಡಿಲ್ಲ.

ಗೆರೆ ಕಾಣುವುದಕ್ಕೆ ಒಂದು ಸರಳ ಉಪಾಯವಿದೆ: ಸೋತವನು ಏನನ್ನು ಕಳೆದುಕೊಂಡನೆಂದು ನೋಡಿ. ಧರ್ಮರಾಯ ಪಗಡೆಯಲ್ಲಿ ರಾಜ್ಯವನ್ನು ಕಳೆದ, ತಮ್ಮಂದಿರನ್ನು ಕಳೆದ, ಕಡೆಗೆ ದ್ರೌಪದಿಯನ್ನು ಪಣಕ್ಕಿಟ್ಟ. 'ಎಂಟರ್ ದಿ ಗಂಜನ್' ಎಂಬ ಆಟದಲ್ಲಿ ಸೋತ ಹುಡುಗ ಅರ್ಧ ಗಂಟೆಯನ್ನೂ ಆ ಸಲ ಕೂಡಿಹಾಕಿದ ಕಾಲ್ಪನಿಕ ಕೋವಿಗಳನ್ನೂ ಕಳೆಯುತ್ತಾನೆ. ಆಟವನ್ನು ಒಮ್ಮೆ ಬೆಲೆ ಕೊಟ್ಟು ಕೊಂಡದ್ದಾಯಿತು, ಪುಸ್ತಕ ಕೊಂಡಂತೆ. ನೂರು ಸಲ ಸತ್ತರೂ ಅದು ಮತ್ತೆ ಹಣ ಕೇಳುವುದಿಲ್ಲ. "ಉಚಿತ" ಎಂಬ ಬೋರ್ಡು ಹಾಕಿಕೊಂಡು ಒಳಗೆ ಕರೆದು, ಆಮೇಲೆ ಅದೃಷ್ಟದ ಪೆಟ್ಟಿಗೆಗಳನ್ನು ಕಾಸಿಗೆ ಮಾರುವ ಆಟಗಳು ಬೇರೆ. ಅಂಥ ಕೆಲವು ಪೆಟ್ಟಿಗೆಗಳು ಜೂಜೇ ಸರಿ ಎಂದು ಬೆಲ್ಜಿಯಂ ದೇಶದ ಅಧಿಕಾರಿಗಳು 2018ರಲ್ಲಿಯೇ ತೀರ್ಮಾನಿಸಿದರು. ಎಲ್ಲವನ್ನೂ ಒಟ್ಟಿಗೆ ಬೈಯುವವರು ಈ ಪೆಟ್ಟಿಗೆ ಮಾರುವವರಿಗೆ ಮಹದುಪಕಾರ ಮಾಡುತ್ತಿದ್ದಾರೆ. ಎಲ್ಲ ಆಟವೂ ಕೆಟ್ಟದ್ದೆಂದ ಮೇಲೆ ನಿಜವಾಗಿ ಕೆಟ್ಟ ಆಟಕ್ಕೆ ಪ್ರತ್ಯೇಕವಾದ ನಾಚಿಕೆ ಯಾತಕ್ಕೆ?

ಇಲ್ಲಿಯವರೆಗೆ ಓದಿ ತಲೆದೂಗುತ್ತಿರುವ ತರುಣ ಮಿತ್ರರಿಗೂ ಒಂದು ಮಾತು ಸಲ್ಲಬೇಕಾಗಿದೆ. ಆಟವನ್ನು ಕಲೆಯೆಂದು ಕರೆಯಿರಿ ಎಂದು ಕೇಳುವವರು ಕಲೆಗೆ ಬೀಳುವ ಪೆಟ್ಟನ್ನೂ ತಿನ್ನಬೇಕು. ಇಂಗ್ಲೆಂಡಿನಲ್ಲಿ ನೆಲೆಸಿದ ಇಟಲಿಯ ಲೂಕಾ ಗಲಾಂತೆ 2021ರ ಡಿಸೆಂಬರಿನಲ್ಲಿ ಬಿಟ್ಟ 'ವ್ಯಾಂಪೈರ್ ಸರ್ವೈವರ್ಸ್' ಎಂಬ ಆಟವನ್ನು ತೆಗೆದುಕೊಳ್ಳಿ. ಮೂರು ಡಾಲರಿನೊಳಗಿನ ಬೆಲೆಗೆ ಮಾರಾಟವಾಗತೊಡಗಿದ ಅದು 2023ರಲ್ಲಿ ಬ್ರಿಟನ್ನಿನ ಬಾಫ್ಟಾ ಸಂಸ್ಥೆಯಿಂದ ವರ್ಷದ ಅತ್ಯುತ್ತಮ ಆಟವೆಂಬ ಪ್ರಶಸ್ತಿ ಪಡೆಯಿತು. ಸಣ್ಣವನೊಬ್ಬ ದೊಡ್ಡವರನ್ನು ಮೀರಿಸಿದನೆಂದು ನನಗೂ ಸಂತೋಷವೇ. ಆದರೆ ಆಟವನ್ನು ನೋಡಿ: ಆಯುಧಗಳು ತಾವಾಗಿಯೇ ಹಾರುತ್ತವೆ; ಆಟಗಾರ ಅತ್ತಿತ್ತ ಸರಿದಾಡಿದರೆ ಸಾಕು. ಪಿಶಾಚಿಗಳು ಸಾವಿರಗಟ್ಟಲೆ ಮುತ್ತುತ್ತವೆ, ಸಾಯುತ್ತವೆ, ರತ್ನಗಳಾಗಿ ಉದುರುತ್ತವೆ. ಪೆಟ್ಟಿಗೆ ತೆರೆದರೆ ದೀಪಾವಳಿಯ ಬೆಳಕು, ನಾಣ್ಯಗಳ ಮಳೆ. ಗಲಾಂತೆ ಹಿಂದೆ ಜೂಜಿನ ಯಂತ್ರಗಳ ಆಟಗಳನ್ನು ತಯಾರಿಸುವ ಉದ್ಯಮದಲ್ಲಿದ್ದವರು. ಆ ವಿದ್ಯೆ ಇಲ್ಲಿ ಕೆಲಸಮಾಡಿದೆ. ಹಣ ಕೀಳದೆ ಜೂಜಿನ ಥಳಕನ್ನಷ್ಟೇ ಕೊಟ್ಟದ್ದು ಅವರ ಪ್ರಾಮಾಣಿಕತೆ ಎಂದು ಅಭಿಮಾನಿಗಳು ವಾದಿಸಿಯಾರು. ಒಪ್ಪುತ್ತೇನೆ. ಆದರೂ ಐಸಾಕನ ಕಣ್ಣೀರಿನ ಮುಂದೆ ಈ ನಾಣ್ಯದ ಮಳೆ ನನಗೆ ಬರಿದಾಗಿ ತೋರುತ್ತದೆ. ಒಂದು ಆಟ ನನ್ನನ್ನು ಕೇಳುತ್ತದೆ, ಇನ್ನೊಂದು ನನ್ನನ್ನು ಕೆರೆಯುತ್ತದೆ. ಇದನ್ನು ಹೇಳುವ ಹಕ್ಕು ವಿಮರ್ಶೆಗೆ ಬೇಕು. ಕೇಳುವ ಸಹನೆ ಅಭಿಮಾನಿಗೆ ಬೇಕು.

ಮೂರನೆಯ ಆಪಾದನೆ ಕಾಲಹರಣ. ಇದರಲ್ಲಿ ಸತ್ಯಾಂಶವುಂಟು. "ಇನ್ನೊಂದೇ ಸಲ" ಎಂದು ರಾತ್ರಿಗಳನ್ನು ನುಂಗುವ ಗುಣ ಈ ಆಟಗಳಿಗಿದೆ. ಓದುವ ಹುಡುಗರ ಮನೆಯಲ್ಲಿ ಗಡಿಯಾರಕ್ಕೆ ಅಧಿಕಾರ ಇರಲೇಬೇಕು. ಆದರೆ ಆ ಕಾಲದಲ್ಲಿ ಏನಾಗುತ್ತದೆಂದೂ ನೋಡಬೇಡವೇ? ಡಾಜ್ ರೋಲ್ ಎಂಬ ಸಣ್ಣ ತಂಡ 2016ರಲ್ಲಿ ಹೊರತಂದ, ನಾನು ಮೇಲೆ ಹೆಸರಿಸಿದ 'ಗಂಜನ್'ನಲ್ಲಿ ಶತ್ರುಗಳೇ ಗುಂಡಿನ ಆಕಾರದ ಪ್ರಾಣಿಗಳು. ಕೋಟೆಯ ಆಳದಲ್ಲಿ ಒಂದು ವಿಚಿತ್ರ ಕೋವಿಯಿದೆ. ಅದು ಕೊಲ್ಲುವುದು ಮನುಷ್ಯನ ಭೂತಕಾಲವನ್ನು. ಅಲ್ಲಿಗೆ ಇಳಿಯುವವರು ಒಂದೊಂದು ಹಳೆಯ ನೋವನ್ನು ಹೊತ್ತವರು. ಅವರಲ್ಲೊಬ್ಬ ಸಿಪಾಯಿ, ಆಪತ್ತಿನಲ್ಲಿ ಜೊತೆಗಾರರನ್ನು ಬಿಟ್ಟು ಓಡಿದವನು. ಇಷ್ಟೊಂದು ಗುಂಡುಗಳ ಮಳೆಯನ್ನು ದಾಟುವುದು ಆ ಒಂದು ದಿನದ ಎದುರಿಗೆ ಮತ್ತೆ ನಿಲ್ಲುವುದಕ್ಕಾಗಿ. ಅಲ್ಲಿಗೆ ಮುಟ್ಟುವ ಮೊದಲು ಆಟಗಾರ ಲೆಕ್ಕವಿಲ್ಲದಷ್ಟು ಸಲ ಸಾಯುತ್ತಾನೆ. ಪ್ರತಿ ಸಲವೂ ಅವನೊಡನೆ ಹಿಂದಿರುಗುವುದು ಬಹುಪಾಲು ಕೈ ಕಲಿತದ್ದು, ಕಣ್ಣು ಕಂಡದ್ದು. ವೀಣೆ ಕಲಿಯುವವನಿಗೂ ಗರಡಿಯಲ್ಲಿ ಮಣ್ಣು ಮುಕ್ಕುವವನಿಗೂ ಇದಕ್ಕಿಂತ ಬೇರೆ ದಾರಿಯಿಲ್ಲ. ನೂರಕ್ಕೆ ಒಂದು ಅಂಕ ಕಡಿಮೆಯಾದರೆ ಮನೆಯಲ್ಲಿ ಸೂತಕ ಆಚರಿಸುವ ನಮ್ಮ ಮಧ್ಯಮವರ್ಗದಲ್ಲಿ, ಸೋತು ಮತ್ತೆ ಏಳುವುದನ್ನು ಹುಡುಗನೊಬ್ಬ ಎಲ್ಲಾದರೂ ಕಲಿಯುತ್ತಿದ್ದರೆ ಅದನ್ನು ಅಷ್ಟು ಹಗುರವಾಗಿ ಕಸಿದುಕೊಳ್ಳಬಾರದು.

ಇಷ್ಟೆಲ್ಲ ವಾದದ ಹಿಂದಿರುವ ನನ್ನ ನಿಜವಾದ ಸಂಕಟ ಬೇರೆ. ಈ ಆಟಗಳ ಬಗ್ಗೆ ಮಾತಾಡಲು ಕನ್ನಡದಲ್ಲಿ ನಮಗೆ ಇರುವುದು ಎರಡೇ ವಾಕ್ಯ: "ಸಾಕು ಮಾಡು" ಮತ್ತು "ಇನ್ನೈದು ನಿಮಿಷ". ಮೊದಲನೆಯದು ಅಪ್ಪ ಅಮ್ಮಂದಿರದು, ಎರಡನೆಯದು ಮಕ್ಕಳದು. ತಾಯಿಯೊಬ್ಬಳು ಕತ್ತಿ ಹಿಡಿದು ಬರುವ ಕಥೆಯನ್ನು ಹದಿನೇಳರ ಮಗ ರಾತ್ರಿಯಿಡೀ ಬದುಕಿ ಎದ್ದು ಬರುತ್ತಾನೆ. ಕಾಫಿ ಕೊಡುವ ತಾಯಿಯೊಡನೆ ಅದರ ಬಗ್ಗೆ ಆಡಲು ಅವನಲ್ಲಿ ಒಂದು ಮಾತಿಲ್ಲ, ಕೇಳಲು ಅವಳಲ್ಲಿಯೂ ಇಲ್ಲ. ಒಂದು ತಲೆಮಾರು ತನ್ನ ಕಲ್ಪನೆಯ ಬದುಕನ್ನೆಲ್ಲ ಮನೆಮಾತಿನ ಹೊರಗೆ ಕಳೆಯುತ್ತಿರುವಾಗ, ಭಾಷೆಯ ಅಳಿವು ಉಳಿವಿನ ಬಗ್ಗೆ ವೇದಿಕೆ ಹತ್ತಿ ಭಾಷಣ ಮಾಡಿ ಫಲವೇನು?

ಈ ಸ್ಥಿತಿ ಬೆಂಗಳೂರಿನಂಥ ಊರಿಗೆ ಶೋಭಿಸುವುದಿಲ್ಲ. 1997ರಷ್ಟು ಹಿಂದೆಯೇ ಇಲ್ಲಿ ಧ್ರುವ ಇಂಟರಾಕ್ಟಿವ್ ಎಂಬ ಆಟದ ಕಂಪನಿ ಹುಟ್ಟಿ, ಬಹುಕಾಲ ಹೊರದೇಶದವರ ಆಟಗಳಿಗೆ ಚಿತ್ರ ಬಿಡಿಸಿಕೊಟ್ಟಿತು. 2019ರಲ್ಲಿ ಅಮೆರಿಕದ ರಾಕ್‌ಸ್ಟಾರ್ ಅದನ್ನು ಕೊಂಡಿತು. ಕುಶಲತೆ ನಮ್ಮದು, ಕಥೆ ಪರರದು. ಐಸಾಕನನ್ನು ಕಟ್ಟಿದವರು ಇಬ್ಬರು. ಚಿಲಾಳನ ರಾತ್ರಿಯನ್ನು ಕಟ್ಟಲು ಕನ್ನಡದ ಇಬ್ಬರು ಸಿಗಲಾರರೇ? ಸಿಗಬಹುದು, ಆದರೆ ನೋಡುವ ಕಣ್ಣು, ತೂಗುವ ತಕ್ಕಡಿ ಇದ್ದ ಕಡೆ ಮಾತ್ರ ಕಟ್ಟುವ ಕೈ ಹುರುಪುಗೊಳ್ಳುತ್ತದೆ. ಕಂಪನಿ ನಾಟಕವನ್ನೂ ಸಿನಿಮಾವನ್ನೂ ಮರ್ಯಾದಸ್ಥರು ಒಂದು ಕಾಲಕ್ಕೆ ಹೀಗೆಯೇ ಹೊಸಿಲಾಚೆ ನಿಲ್ಲಿಸಿದ್ದರು. ಪತ್ರಿಕೆಗಳು ಅವಕ್ಕೆ ವಿಮರ್ಶೆಯ ಮಣೆ ಹಾಕಿದ ಮೇಲೆ ಕಾಳು ಯಾವುದು, ಜಳ್ಳು ಯಾವುದು ಎಂದು ಜನರಿಗೆ ತಿಳಿಯತೊಡಗಿತು.

ಆದ್ದರಿಂದ ಪತ್ರಿಕೆಗಳ ಸಂಪಾದಕರಲ್ಲಿ ನನ್ನ ಬಿನ್ನಹ ಇಷ್ಟು: ಪುಸ್ತಕ ಪರಿಚಯದ ಪಕ್ಕದಲ್ಲಿ ತಿಂಗಳಿಗೊಮ್ಮೆ ಒಂದು ಆಟಕ್ಕೆ ಅರ್ಧ ಕಾಲಂ ಕೊಡಿ. ಹೊಗಳುವುದಕ್ಕಲ್ಲ, ತೂಗುವುದಕ್ಕೆ. ಮಕ್ಕಳನ್ನು ಹೆತ್ತವರಲ್ಲಿ ಇನ್ನೊಂದು ಬಿನ್ನಹ: ಮುಂದಿನ ಸಲ "ಸಾಕು ಮಾಡು" ಎನ್ನುವ ಮೊದಲು ಪಕ್ಕದಲ್ಲಿ ಒಂದು ಗಂಟೆ ಕುಳಿತು, ಆ ಪರದೆಯ ಮೇಲೆ ಓಡುತ್ತಿರುವ ಪುಟ್ಟ ಜೀವ ಯಾರು, ಯಾರಿಗೆ ಹೆದರಿ ಓಡುತ್ತಿದೆ ಎಂದು ಕೇಳಿ. ಉತ್ತರ ಕೇಳಿದ ಮೇಲೂ ಬೈಯಬೇಕೆನಿಸಿದರೆ ಧಾರಾಳವಾಗಿ ಬೈಯಿರಿ. ಆ ಬೈಗುಳಕ್ಕೆ ಆಗ ಬೆಲೆಯಿರುತ್ತದೆ.