ಬರ್ಫ ನೋಡಾಕ ಯಾವ ತಿಂಗಳು ಛಲೋ?

"ಅವ್ವಾ, ಮೇ, ಜುಲೈ, ಸೆಪ್ಟೆಂಬರ್. ಮೂರರಾಗ ಒಂದು ಆರಿಸಿ ಹೇಳು. ಅಪ್ಪಾನ್ನ ಕೇಳಬ್ಯಾಡ, ಅವರು ಮೂರೂ ಬ್ಯಾಡ ಅಂತಾರ."

ಸಿಯಾಟಲ್‌ನಲ್ಲಿರೋ ಮಗಳು ಫೋನಿನಲ್ಲಿ ಹೀಗಂದಾಗ ನಾನು ಸಂಕ್ರಾಂತಿಯ ಕುಸುರೆಳ್ಳು ಡಬ್ಬಿಗೆ ತುಂಬುತ್ತಿದ್ದೆ. ಅಲ್ಲಿಂದ ಅಲಾಸ್ಕಾಕ್ಕೆ ಏಳು ದಿನದ ಹಡಗು ಹೋಗತೈತಂತ. ಸಮುದ್ರಕ್ಕೇ ಬಂದು ನಿಂತ ಹಿಮನದಿಗಳನ್ನು ಹಡಗಿನ ಮೇಲಿಂದಲೇ ನೋಡಬಹುದಂತ. ಬಾಣಂತನಕ್ಕೆ ಹೋದಾಗ ಮಾಡಿಸಿದ ಹತ್ತು ವರ್ಷದ ವೀಸಾ ಇನ್ನೂ ಎರಡು ವರ್ಷ ಉಳಿದಿದೆ. ಹಾಗಾಗಿ ಹೋಗಬೇಕೋ ಬೇಡವೋ ಅನ್ನೋದು ಮಗಳ ಲೆಕ್ಕದಲ್ಲಿ ಮುಗಿದ ಮಾತು. ಯಾವಾಗ ಅನ್ನೋದಷ್ಟೇ ಬಾಕಿ.

ನಮ್ಮ ಮನೆಯವರು ನಿವೃತ್ತ ಮಾಸ್ತರು. ಪೇಪರಿನಿಂದ ತಲೆ ಎತ್ತದೇ ಅಂದರು: "ಬರ್ಫ ಎಲ್ಲಿ ಓಡಿ ಹೊಕ್ಕೈತಿ? ಮುಂದಿನ ವರ್ಷ ನೋಡೂಣು."

ಬರ್ಫ ಓಡಿ ಹೋಗತೈತ್ರೀ! ಅಲಾಸ್ಕಾದ ಗ್ಲೇಸಿಯರ್ ಬೇ ಅನ್ನೋ ಕೊಲ್ಲಿಯ ಕಥೆಯನ್ನೇ ಓದಿ. 1794ರಲ್ಲಿ ವ್ಯಾಂಕೂವರ್ ಎಂಬ ಇಂಗ್ಲಿಷ್ ನಾವಿಕನ ತಂಡ ಅಲ್ಲಿಗೆ ಹೋದಾಗ ಕೊಲ್ಲಿಯ ಬಾಯಿಯ ಹತ್ತಿರದಲ್ಲೇ ಹಿಮದ ಗೋಡೆ ಇತ್ತು. ಇವತ್ತು ಸಮುದ್ರ ಮುಟ್ಟುವ ಹಿಮನದಿ ಕಾಣಬೇಕಂದ್ರೆ ಅದೇ ಬಾಯಿಂದ ಒಳಕ್ಕೆ ನೂರು ಕಿಲೋಮೀಟರಿನಷ್ಟು ಹೋಗಬೇಕು. ಇದನ್ನು ಅವರಿಗೆ ಓದಿ ಹೇಳಿದೆ. "ಎರಡು ನೂರು ವರ್ಷದಾಗ ಅಷ್ಟು ಸರಿದದ್ದು ಒಂದು ವರ್ಷದಾಗ ಎಷ್ಟು ಸರಿದೀತು?" ಎಂದು ಲೆಕ್ಕ ಹಾಕೋಕೆ ಕೂತರು. ಮಾಸ್ತರಿಕೆ ನಿವೃತ್ತಿ ಆದ ಮೇಲೂ ಬಿಡೋದಿಲ್ಲ.

ಸರಿ, ನಾನೇ ಒಂದು ವಾರ ಕೂತು ತಿಂಗಳುಗಳನ್ನು ತೂಗಿ ನೋಡಿದೆ. ನಿಮ್ಮ ಮಕ್ಕಳೂ ಆ ಕಡೆ ಇದ್ದರೆ ಉಪಯೋಗ ಆದೀತು ಅಂತ ಬರೀತಿದ್ದೇನೆ.

ಹಡಗುಗಳ ಹಂಗಾಮು ಏಪ್ರಿಲ್ ಕೊನೆಗೆ ಶುರುವಾಗಿ ಅಕ್ಟೋಬರ್ ಹೊತ್ತಿಗೆ ಮುಗಿಯತೈತಿ. ಮೇ ತಿಂಗಳಲ್ಲಿ ಆ ಕಡೆ ಮಳೆ ಕಡಿಮೆ, ಬೆಟ್ಟಗಳ ಮೇಲೆ ಇನ್ನೂ ಬೆಳ್ಳಗೆ ಹಿಮ, ಟಿಕೆಟ್ಟೂ ಸೋವಿ. ಆದರೆ ಚಳಿ ಜಾಸ್ತಿ. ಕೆಲವು ಇಕ್ಕಟ್ಟಾದ ಕೊಲ್ಲಿಗಳಲ್ಲಿ ತೇಲುವ ಹಿಮಗಡ್ಡೆ ತುಂಬಿಕೊಂಡು ಹಡಗು ಕೊನೆತನಕ ಹೋಗಲಾರದು. ಜೂನ್‌ನಲ್ಲಿ ಹಗಲು ಬಲು ಉದ್ದ. ಜೂನೋ ಪಟ್ಟಣದಲ್ಲಿ ತಿಂಗಳ ಮೂರನೇ ವಾರಕ್ಕೆ ಹದಿನೆಂಟು ತಾಸು ಹಗಲು. ಜುಲೈ, ಆಗಸ್ಟ್‌ನಲ್ಲಿ ಅಲ್ಲಿಯ ಮಟ್ಟಿಗೆ ಬೆಚ್ಚಗೆ. ತಿಮಿಂಗಿಲ ಕಾಣೋಕೆ, ಹೊಳೆಗೆ ಹತ್ತಿ ಬರುವ ಸಾಲ್ಮನ್ ಮೀನು ಮತ್ತು ಅದನ್ನು ಹಿಡಿಯೋ ಕರಡಿ ಕಾಣೋಕೆ ಇದೇ ಕಾಲ. ಮಕ್ಕಳಿಗೆ ರಜೆಯೂ ಇದೇ ಕಾಲಕ್ಕೆ, ಅದಕ್ಕೇ ದುಬಾರಿ. ಸೆಪ್ಟೆಂಬರ್‌ನಲ್ಲಿ ರೇಟು ಮತ್ತೆ ಇಳಿಯತೈತಿ. ರಾತ್ರಿ ಕತ್ತಲಾಗುವುದರಿಂದ ಅದೃಷ್ಟ ಇದ್ದರೆ ಆಕಾಶದಲ್ಲಿ ಉತ್ತರದ ಬೆಳಕೂ ಕಂಡೀತು. ಆದರೆ ಮಳೆ ಹಿಡೀತಂದ್ರೆ ಹಿಡೀತು.

ತಿಂಗಳಿಗಿಂತ ಮೊದಲು ನೋಡಬೇಕಾದ್ದು ಹಡಗಿನ ದಾರಿ. ಗ್ಲೇಸಿಯರ್ ಬೇ ರಾಷ್ಟ್ರೀಯ ಉದ್ಯಾನ. ಅಲ್ಲಿಗೆ ದಿನಕ್ಕೆ ಹೆಚ್ಚೆಂದರೆ ಎರಡೇ ದೊಡ್ಡ ಪ್ರವಾಸಿ ಹಡಗು. ಅಲಾಸ್ಕಾಕ್ಕೆ ಹೋಗುವ ಹಡಗೆಲ್ಲ ಅಲ್ಲಿಗೆ ಹೋಗೋದಿಲ್ಲ. ಇನ್ನೊಂದು, ಸಿಯಾಟಲ್‌ನಿಂದ ಹೊರಟು ಸಿಯಾಟಲ್‌ಗೇ ಬರುವ ಹಡಗು ನಡುವೆ ಕೆನಡಾದ ಬಂದರೊಂದರಲ್ಲಿ ನಿಲ್ಲತೈತಿ. ನಮ್ಮ ಪಾಸ್‌ಪೋರ್ಟ್ ಇರುವವರು ಕೆನಡಾ ವೀಸಾದ ವಿಚಾರವನ್ನೂ ಮೊದಲೇ ಮಾಡಬೇಕು. ಇದು ಗೊತ್ತಿಲ್ಲದೆ ಟಿಕೆಟ್ ತೆಗೆಸಿ ಒದ್ದಾಡಬಾರದು.

ಇಷ್ಟೆಲ್ಲ ಬರೆದುಕೊಂಡು ನೋಡಿದರೆ ನನಗೂ ಮನೆಯವರ ಮಾತೇ ಸರಿ ಅನಿಸಿತು. ಮೊಮ್ಮಗನ ಸಾಲಿ ಬಿಡುವುದು ಜೂನ್ ಕೊನೆಗೆ. ಈ ವರ್ಷ ಜುಲೈಗೆ ಮಗಳಿಗೆ ರಜೆ ಸಿಗೋದು ಖಾತ್ರಿ ಇಲ್ಲ. ಮುಂದಿನ ವರ್ಷ ಜುಲೈಗೆ ಎಲ್ಲ ಹೊಂದಿಸಿಕೊಂಡು ಹೋದರೆ ತಿಮಿಂಗಿಲ, ಕರಡಿ, ಬಿಸಿಲು ಎಲ್ಲಾ ಸಿಗತಾವ. ಹೋಗೋದು ಒಂದೇ ಸಲ, ಪೂರ್ತಿ ನೋಡಿಯೇ ಬರೂಣು ಅಂದುಕೊಂಡೆ.

'ಪೂರ್ತಿ' ಅನ್ನೋ ಮಾತು ಬಾಯಿಗೆ ಬಂದದ್ದೇ ತಡ, ನನಗೆ ನವಿಲುತೀರ್ಥ ನೆನಪಾಯಿತು.

ನಮ್ಮದು ಬೈಲಹೊಂಗಲ ತಾಲ್ಲೂಕು. ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋದಾಗಲೆಲ್ಲ ನವಿಲುತೀರ್ಥದ ಡ್ಯಾಮ್ ಹತ್ತಿರವೇ. ಗುಡ್ಡಗಳ ನಡುವಿನ ಇಕ್ಕಟ್ಟಿನಲ್ಲಿ ಮಲಪ್ರಭೆಯನ್ನು ತಡೆದು 1970ರ ದಶಕದ ಆರಂಭಕ್ಕೆ ಕಟ್ಟಿ ಮುಗಿಸಿದ ಅಣೆಕಟ್ಟು ಅದು. ಹಿಂದೆ ನಿಂತ ನೀರಿಗೆ ರೇಣುಕಾಸಾಗರ ಅಂತ ಹೆಸರು. ನಮ್ಮ ಅತ್ತಿ ಆ ಡ್ಯಾಮ್ ಕಟ್ಟುವಾಗ ಬುಟ್ಟಿ ಹೊತ್ತವರು. ನಮ್ಮ ಮನೆಯವರು ಆಗ ಬೇವಿನ ಗಿಡಕ್ಕೆ ಕಟ್ಟಿದ ಜೋಲಿಯಲ್ಲಿ ಮಲಗಿದ್ದ ಕೂಸು. ಕೆಲಸ ಮುಗಿಯುವ ಮೊದಲೇ ಅತ್ತಿ ಊರಿಗೆ ವಾಪಸ್ ಬಂದರು. ಗೇಟಿನಿಂದ ನೀರು ಬೀಳೋದನ್ನು ಅವರು ನೋಡಲೇ ಇಲ್ಲ.

"ಒಮ್ಮೆ ಕರಕೊಂಡು ಹೋಗ್ರಿ, ನಾ ಹೊತ್ತ ಕಲ್ಲಿನ ಮ್ಯಾಲೆ ನೀರು ಹ್ಯಾಂಗ ಬೀಳತೈತಿ ನೋಡತೇನಿ" ಅಂತ ಪ್ರತಿ ಮಳೆಗಾಲ ಅನ್ನೋರು. ನಾವು ಪ್ರತಿ ಸಲ, "ಪೂರ್ತಿ ತುಂಬಲಿ ಅತ್ತಿ, ಎಲ್ಲಾ ಗೇಟು ಬಿಟ್ಟಾಗ ಹೋಗೂಣು" ಅನ್ನೋರು. ಮಲಪ್ರಭೆ ಹುಟ್ಟೋದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ. ನಮ್ಮ ಊರಲ್ಲಿ ಎಷ್ಟು ಸುರಿದರೂ ಆ ಕಡೆ ಜೋರು ಮಳೆ ಆಗದ ಹೊರತು ಡ್ಯಾಮ್ ತುಂಬೋದಿಲ್ಲ. ಒಂದು ವರ್ಷ ಅರ್ಧಕ್ಕೇ ನಿಂತಿತು. ಇನ್ನೊಂದು ವರ್ಷ ಅದೂ ಇಲ್ಲ. ಅರ್ಧ ತುಂಬಿದಾಗಲೂ ಕರೆದುಕೊಂಡು ಹೋಗಬಹುದಿತ್ತು. ಗೋಡೆ ನೋಡಿಯಾದರೂ ಖುಷಿ ಪಡುತ್ತಿದ್ದರು. ನಾವು ಛಲೋ ಹೊತ್ತಿಗಾಗಿ ಕಾದೆವು.

2018ರ ಚಳಿಗಾಲದಲ್ಲಿ ಅತ್ತಿ ತೀರಿಕೊಂಡರು. 2019ರ ಆಗಸ್ಟ್‌ನಲ್ಲಿ ಡ್ಯಾಮ್ ತುಂಬಿತು. ತುಂಬಿದ್ದಷ್ಟೇ ಅಲ್ಲ, ಬಿಟ್ಟ ನೀರಿಗೆ ಮುನವಳ್ಳಿ, ರಾಮದುರ್ಗ ಕಡೆ ಹೊಳೆದಂಡೆಯ ಮನೆಗಳೇ ಮುಳುಗಿದವು. ಜನ ಮಕ್ಕಳು ಮರಿ ಕಟ್ಟಿಕೊಂಡು ಊರು ಬಿಟ್ಟರು. ನೋಡೋಕೆ ಹೋಗುವ ಹೊತ್ತೇ ಅಲ್ಲ ಅದು. ಟಿವಿಯಲ್ಲಿ ಗೇಟು ತೋರಿಸಿದಾಗ ನಮ್ಮ ಮನೆಯವರು ಎದ್ದು ಹಿತ್ತಲಿಗೆ ಹೋದರು. ನಾನು ಟಿವಿ ಬಂದ್ ಮಾಡಿದೆ. ಆಮೇಲೆ ನಾವಿಬ್ಬರೂ ಆ ಮಾತು ಆಡಿಲ್ಲ.

ಆವತ್ತು ರಾತ್ರಿ ಊಟಕ್ಕೆ ಬಡಿಸುವಾಗ ಅಂದೆ: "ಈ ಮೇ ತಿಂಗಳಿಗೇ ಹೋಗೂಣ್ರಿ."

"ಹುಡುಗನ ಸಾಲಿ ತಪ್ಪತೈತಿ."

"ಅಂವ ಇನ್ನೂ ಅ ಆ ಕಲಿಯೋ ಹುಡುಗ. ಒಂದು ವಾರ ಅಜ್ಜ ಮಾಸ್ತರ್ ಜೋಡಿ ಇದ್ದರ ಏನೂ ಕಡಿಮಿ ಆಗೂದಿಲ್ಲ."

"ಜುಲೈನಾಗ ಮೀನು, ಕರಡಿ ಎಲ್ಲಾ ಕಾಣತಾವಂತ ನೀನ ಅಂದಿದ್ದಿ."

"ಕಾಣತಾವ. ನಿಮ್ಮ ಮೊಣಕಾಲು ಮುಂದಿನ ಜುಲೈತನಕ ಹೀಂಗ ನಡೀತಾವಂತ ಯಾರು ಬರದು ಕೊಟ್ಟಾರ? ಎಲ್ಲಾ ಗೇಟು ಬಿಡಲಿ ಅಂತ ಇನ್ನೊಮ್ಮೆ ಕಾಯೂದು ಬ್ಯಾಡ."

ರೊಟ್ಟಿ ಮುರಿಯುತ್ತಿದ್ದ ಕೈ ನಿಂತಿತು. ಸ್ವಲ್ಪ ಹೊತ್ತು ಬಿಟ್ಟು, "ಸ್ವೆಟರ್ ಎಲ್ಲಿ ಇಟ್ಟೀಯಲಾ ನನ್ನದು?" ಅಂದರು. ಅವರ ಬಾಯಲ್ಲಿ ಒಪ್ಪಿಗೆ ಅಂದರೆ ಇಷ್ಟೇ.

ಮೇ ಕೊನೆಯ ವಾರದ ಟಿಕೆಟ್ ಆಗಿದೆ, ಗ್ಲೇಸಿಯರ್ ಬೇ ದಾರಿಯದೇ. ಡಾಕ್ಟರ ಹತ್ತಿರ ಹೋಗಿ ಔಷಧದ ಚೀಟಿ ಬರೆಸಿಕೊಂಡೆವು. ಎರಡು ಸ್ವೆಟರ್, ಮಳೆ ತಡೆಯುವ ಜಾಕೆಟ್, ಮಂಕಿ ಟೋಪಿ ತೆಗೆದಿಟ್ಟೆವು. ಹಿಮದ ಹತ್ತಿರ ಹೋದಾಗ ಬೇಸಿಗೆಯಲ್ಲೂ ಗಾಳಿ ಕೊರೆಯತೈತಂತ. ಹಿಮದ ಗೋಡೆ ಒಡೆದು ಸಮುದ್ರಕ್ಕೆ ಬೀಳುವುದು ನಮ್ಮ ಕಣ್ಣಿಗೆ ಬೀಳುತ್ತದೋ ಇಲ್ಲವೋ, ಅದು ಯಾವ ತಿಂಗಳಲ್ಲೂ ಖಾತ್ರಿ ಇಲ್ಲ. "ಡ್ಯಾಮಿನವರು ಸೈರನ್ ಹೊಡದು ನೀರು ಬಿಡತಾರ, ಬರ್ಫ ಏನು ಸೈರನ್ ಹೊಡಿಯೂದಿಲ್ಲ" ಅಂತ ನಮ್ಮ ಮನೆಯವರು ಈಗ ಬಂದವರಿಗೆಲ್ಲ ಪಾಠ ಹೇಳುತ್ತಿದ್ದಾರೆ.

ಯಾವ ತಿಂಗಳು ಛಲೋ ಅಂತ ನೀವು ಕೇಳಿದರೆ ನನ್ನ ಉತ್ತರ ಹೀಗಿದೆ. ಕರಡಿ ಬೇಕಂದ್ರೆ ಜುಲೈ-ಆಗಸ್ಟ್, ದುಡ್ಡು ಉಳೀಬೇಕಂದ್ರೆ ಮೇ ಇಲ್ಲಾ ಸೆಪ್ಟೆಂಬರ್. ಜೋಡಿ ಹೋಗಬೇಕಾದವರಿಗೆ ವಯಸ್ಸಾಗಿದ್ದರೆ, ಅವರ ಕಾಲು ನಡೆಯುವ ತಿಂಗಳೇ ಛಲೋ.

ವಾಪಸ್ ಬಂದ ಮೇಲೆ ಈ ಆಗಸ್ಟ್‌ನಲ್ಲಿ ಇಬ್ಬರೂ ನವಿಲುತೀರ್ಥಕ್ಕೆ ಹೋಗೋದು ಅಂತ ಮಾತಾಗಿದೆ. ಡ್ಯಾಮ್ ಎಷ್ಟು ತುಂಬಿದ್ದರೂ ಸರಿ.